ಕೂಟದಲ್ಲಿ ಜಾಗ ಕೇಳಿದ ಬಣ್ಣಗಾರ

ಕಡಲ ನಡುವೆ ನಿಂತ ನಮ್ಮ ತೂರ್ ಪಟ್ಟಣದ ಬಂಡೆಯ ಮೇಲೆ ಒಂದು ಕಾಳು ಗೋಧಿಯೂ ಬೆಳೆಯುವುದಿಲ್ಲ. ಕುಡಿಯುವ ನೀರು ಕೂಡ ಎದುರು ದಡದಿಂದ ದೋಣಿಯಲ್ಲಿ ಬರಬೇಕು. ಆದರೂ ಯೆಹೂದದ ಗೋಧಿಯಲ್ಲಿ ಒಳ್ಳೆಯದು ಬರುವುದು ನಮ್ಮ ಒಲೆಗೆ, ಈಜಿಪ್ಟಿನ ನಾರುಬಟ್ಟೆಯಲ್ಲಿ ನವಿರಾದದ್ದು ನಮ್ಮವರ ಮೈಗೆ, ದೂರದ ತಾರ್ಷೀಷಿನ ಬೆಳ್ಳಿ ನಮ್ಮವರ ಪೆಟ್ಟಿಗೆಗೆ. ಇದೆಲ್ಲ ಹೇಗೆ ಬಂತು ಎಂದು ಹಡಗಿನ ದಣಿಗಳನ್ನು ಕೇಳಿ ನೋಡಿ. ತಮ್ಮ ಬುದ್ಧಿಯಿಂದ ಬಂತು ಎಂದು ಹೊಟ್ಟೆ ನೀವಿಕೊಳ್ಳುತ್ತಾರೆ. ಕೊಳೆತ ಶಂಖದ ಹುಳುವಿನಿಂದ ಬಂತು ಎಂದು ಅವರಲ್ಲಿ ಒಬ್ಬನ ಬಾಯಿಂದಲೂ ಈವರೆಗೆ ಹೊರಟಿಲ್ಲ.

ಆ ಹುಳುವನ್ನು ಬೇಯಿಸಿ ಕಡುನೇರಳೆ ಬಣ್ಣ ತೆಗೆಯುತ್ತಿದ್ದ ಗೆರ್ಸಕೂನ ಈ ಚಳಿಗಾಲದಲ್ಲಿ ತೀರಿಕೊಂಡ. ಅವನು ದುಡಿಯುತ್ತಿದ್ದ ಹಂಡೆಗಳಿದ್ದದ್ದು ಎದುರು ದಡದಲ್ಲಿ, ಅಲ್ಲಿನ ಗಾಳಿ ಊರಿನ ಕಡೆ ತಿರುಗದ ಜಾಗದಲ್ಲಿ. ಪಕ್ಕದಲ್ಲೇ ಹೆಂಗಸರು ಸಾಲಾಗಿ ಕೂತು ಮುಳ್ಳುಶಂಖ ಒಡೆಯುತ್ತಿದ್ದರು. ಒಡೆದ ಚಿಪ್ಪಿನ ಗುಡ್ಡೆ ಮನೆಗಿಂತ ಎತ್ತರ. ಹಂಡೆಗೆ ಅದ್ದಿದ ಉಣ್ಣೆ ಹೊರಬರುವಾಗ ಹಳದಿಯೋ ಹಸಿರೋ ಆಗಿರುತ್ತದೆ, ಗಾಳಿ ತಾಗಿದ ಮೇಲೆ ನೇರಳೆಗೆ ತಿರುಗುತ್ತದೆ. ಅದು ತಿರುಗುವುದನ್ನು ಗೆರ್ಸಕೂನ ಪ್ರತಿಸಲವೂ ಮೊದಲ ಸಲದಂತೆ ನೋಡುತ್ತಿದ್ದ. ಮೊಣಕೈವರೆಗೆ ಅವನ ಕೈಗಳೂ ನೇರಳೆಯೇ.

ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅದೇ ಅವನ ಕೊರಗು. ಅಮಾವಾಸ್ಯೆ ಕಳೆದು ಚಂದ್ರ ಕಂಡಾಗ ಸತ್ತವನ ಹೆಸರು ಕರೆದು ಯಾರಾದರೂ ನೆಲಕ್ಕೆ ನೀರೋ ದ್ರಾಕ್ಷಾರಸವೋ ಒಂದು ಬೊಗಸೆ ಬಿಡಬೇಕು, ಇಲ್ಲವಾದರೆ ಮಣ್ಣಿನ ಕೆಳಗಿರುವವನು ಬಾಯಾರಿ ಬಾಯಾರಿ ಯಾರೂ ಅಲ್ಲದವನಾಗುತ್ತಾನೆ. ಗಂಡುಮಕ್ಕಳಿದ್ದವನಿಗೆ ಮಕ್ಕಳು ಬಿಡುತ್ತಾರೆ. ಇಲ್ಲದವನಿಗೆ ಇರುವುದು ವ್ಯಾಪಾರಿಗಳ ಕೂಟ. ಅಲ್ಲಿ ದೊಡ್ಡವರು ಆನೆದಂತದ ಮಂಚಗಳ ಮೇಲೆ ಒರಗಿ, ಕೂಟದ ಸತ್ತವರ ಹೆಸರನ್ನೆಲ್ಲ ಒಂದೊಂದಾಗಿ ಕರೆದು, ನೆಲಕ್ಕೆ ನಾಲ್ಕು ಹನಿ ದ್ರಾಕ್ಷಾರಸ ಚೆಲ್ಲಿ ಉಳಿದದ್ದನ್ನು ತಾವು ಕುಡಿಯುತ್ತಾರೆ. ನಮ್ಮ ಊರಿನಲ್ಲಿ ಸತ್ತವರ ಮೇಲಿನ ಭಕ್ತಿ ಹೆಚ್ಚು ಎಂದು ಪರದೇಶದವರು ಹೊಗಳುವುದು ಇದನ್ನು ನೋಡಿಯೇ.

ಕೂಟದ ಹಿರಿಯ ಹಿಲ್ಲೆಸ್ಬಾಲ. ಹಂಡೆಗಳೂ ಅವನವೇ, ಹಡಗುಗಳೂ ಅವನವೇ. ಬೇಸಿಗೆಯ ಹಬ್ಬದ ಹಿಂದಿನ ದಿನ ಅವನು ಮೂಗಿಗೆ ಪುದೀನ ಸೊಪ್ಪು ಒತ್ತಿಕೊಂಡು ತನ್ನ ಹೊಸ ಮೇಲುಹೊದಿಕೆ ಒಯ್ಯಲು ಬಂದ.

"ದಣೀ, ಇನ್ನೊಂದೆರಡು ಸಲ ಸಮುದ್ರದ ನೀರಲ್ಲಿ ಜಾಲಿಸ್ಬೇಕು," ಎಂದ ಗೆರ್ಸಕೂನ. "ಇಲ್ಲಾಂದ್ರೆ ನಾತ ಬಿಡಲ್ಲ."

"ನೀನು ಜಾಲಿಸ್ತಾ ಕೂತ್ಕೋ, ಅಷ್ಟರಲ್ಲಿ ಹಬ್ಬ ಮುಗ್ದಿರುತ್ತೆ. ಕೊಡಯ್ಯಾ ಇತ್ಲಾಗೆ. ಮೇಲೆ ಒಂದಿಷ್ಟು ಸುಗಂಧ ಸುರಿದ್ರಾಯ್ತು."

ಕೊಟ್ಟ. ಕೊಟ್ಟ ಕೈ ಹಿಂದಕ್ಕೆ ತೆಗೆಯದೆ ಕೇಳಿಯೂ ಬಿಟ್ಟ: "ದಣೀ, ಕೂಟದಲ್ಲಿ ನನಗೊಂದು ಜಾಗ ಮಾಡ್ಕೊಡ್ತೀರಾ?"

ಹಿಲ್ಲೆಸ್ಬಾಲ ಸೊಪ್ಪಿನ ಹಿಂದೆಯೇ ನಕ್ಕ. "ನಿನಗಾ? ಮೂಗಿರೋರು ಕೂತ್ಕೊಳ್ಳೋ ಜಾಗ ಕಣಯ್ಯಾ ಅದು!" ಆಮೇಲೆ ಪಕ್ಕದ ಸೀದೋನ್ ಪಟ್ಟಣದವರು ಈ ಬಣ್ಣಗಾರನನ್ನು ಸೆಳೆಯಲು ಆಳು ಕಳಿಸುತ್ತಿದ್ದಾರೆ ಎಂಬುದು ನೆನಪಾಗಿರಬೇಕು, ದನಿ ಮೆತ್ತಗಾಯಿತು. "ಸರಿ. ನಾತ ಕಳ್ಕೊಂಡು ಬಾ. ಬಾಗಿಲಲ್ಲಿ ಪೂಜಾರಿ ಮೂಸಿ ನೋಡ್ತಾನೆ. ಅವನು ಹೂಂ ಅಂದ್ರೆ ಜಾಗ ನಿಂದೇ."

ಶಂಖ ಒಡೆಯುವ ಅರಿಷತ್ ಇದನ್ನು ಕೇಳಿ ಕಲ್ಲು ಕೆಳಗಿಟ್ಟಳು. ವಯಸ್ಸಿನಲ್ಲಿ ಅವನಿಗಿಂತ ದೊಡ್ಡವಳು, ಬಾಯಿಯಲ್ಲಿ ಇಡೀ ದಡಕ್ಕೇ ದೊಡ್ಡವಳು.

"ಲೋ, ಆನೆದಂತದ ಮಂಚದ ಮೇಲೆ ನೀನು ಮಲಗೋದಾ? ಜಾರಿ ಬಿದ್ದು ಸೊಂಟ ಮುರ್ಕೋತೀಯ."

"ನಗು ಅಕ್ಕಾ, ನಗು. ನಾಲ್ಕು ಗಂಡು ಹೆತ್ತೋಳು ನೀನು. ನನಗೆ ಯಾರು ನೀರು ಬಿಡ್ತಾರೆ, ಹೇಳು?"

ಅರಿಷತ್ ಕಲ್ಲು ಎತ್ತಿಕೊಂಡು ಬೇಕಾದ್ದಕ್ಕಿಂತ ಜೋರಾಗಿ ಒಂದು ಶಂಖ ಒಡೆದಳು. "ಹೋಗು, ಹಾಳಾಗು. ಬೆಟ್ಟದಲ್ಲಿ ಚಳಿ ಇರುತ್ತೆ, ನನ್ನ ಮಗನ ಕಂಬಳಿ ತಗೊಂಡ್ಹೋಗು."

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವನು ಲೆಬನೋನ್ ಬೆಟ್ಟ ಹತ್ತಿದ. ಹಳೆಯ ಬಟ್ಟೆ ಸುಟ್ಟ. ತಲೆ ಬೋಳಿಸಿಕೊಂಡ. ಮರ ಕಡಿಯುವವರ ಜೊತೆ ಹಗಲೆಲ್ಲ ಬೆವರು ಸುರಿಸಿ, ಸಂಜೆ ದೇವದಾರಿನ ಎಣ್ಣೆಯಲ್ಲಿ ಮೈ ಉಜ್ಜಿಕೊಂಡ. ಕೈಯ ನೇರಳೆ ಮಾತ್ರ ಹೋಗಲಿಲ್ಲ. ಪರವಾಗಿಲ್ಲ, ಬಣ್ಣದ ಮೇಲೆ ನಮ್ಮ ದಣಿಗಳಿಗೆ ಯಾವ ಸಿಟ್ಟೂ ಇಲ್ಲ.

ಮೊದಲ ಮಳೆಯ ಮೋಡ ಕಟ್ಟಿದಾಗ ಇಳಿದು ಬಂದ. ಹಂಡೆಗಳು ಇನ್ನೂ ದೂರವಿರುವಾಗಲೇ ದಾರಿ ಬದಿಗೆ ಕುಕ್ಕರಿಸಿ ವಾಂತಿ ಮಾಡಿಕೊಂಡ. ಇಷ್ಟು ವರ್ಷ ಸತ್ತು ಬಿದ್ದಿದ್ದ ಮೂಗು ಬೆಟ್ಟದ ಗಾಳಿಗೆ ಜೀವ ತಳೆದಿತ್ತು.

"ಅಕ್ಕಾ, ಈ ನಾತದಲ್ಲೇನಾ ನಾವು ಇಷ್ಟು ದಿನ ಬದುಕಿದ್ದು?" ಎಂದು ಎದುರು ಬಂದ ಅರಿಷತ್‌ಳನ್ನು ಕೇಳಿದ.

"ಮತ್ತೆ? ನಿನ್ನ ಹೆಂಡ್ತಿ ಏನು ದಾಳಿಂಬೆ ತೋಟ ಅಂದ್ಕೊಂಡು ನಿನ್ನ ಕಟ್ಕೊಂಡ್ಳಾ?"

ಅವನಿಗೆ ನಗು ಬರಲಿಲ್ಲ. ಹೆಂಡತಿ ಒಂದು ದಿನವೂ ಮೂಗು ಮುಚ್ಚಿರಲಿಲ್ಲ ಎಂಬುದು ಆಗ ತಾನೇ ಅವನಿಗೆ ಹೊಳೆದದ್ದು.

ಕೂಟ ಅದೇ ದಿನ, ಸಂಜೆಗೆ ಮಳೆ ಹಿಡಿಯಿತು. ಗೆರ್ಸಕೂನ ದೋಣಿಯಲ್ಲಿ ಊರಿಗೆ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ. ಪೂಜಾರಿ ಕುತ್ತಿಗೆ ಮೂಸಿದ, ಕಂಕುಳು ಮೂಸಿದ, ಬೋಳುತಲೆಯನ್ನೂ ಮೂಸಿದ. ಕೊಳ್ಳುವ ಕುರಿಯನ್ನೂ ಸಂತೆಯಲ್ಲಿ ಇಷ್ಟು ಮೂಸುವುದಿಲ್ಲ.

"ದೇವದಾರು," ಎಂದ ಪೂಜಾರಿ. "ಬರೀ ದೇವದಾರು. ಒಳಗೆ ಬಾ."

ಮಂಚವನ್ನು ಯಾರು ಕೊಡುತ್ತಾರೆ? ಬಾಗಿಲ ಹತ್ತಿರ ಒಂದು ಚಾಪೆ ಹಾಸಿ, ಕೈಗೊಂದು ಮಣ್ಣಿನ ಬಟ್ಟಲು ಕೊಟ್ಟರು. ಅಷ್ಟೇ ಸಾಕಾಗಿತ್ತು ಅವನಿಗೆ. ಸತ್ತವರ ಹೆಸರು ಕರೆಯುವಾಗ ದಣಿಗಳ ಜೊತೆ ಒಂದು ಸಲ ಕುಡಿದನೆಂದರೆ ಅವನೂ ಕೂಟದವನು, ಮುಂದೊಂದು ದಿನ ಅವನ ಹೆಸರನ್ನೂ ಕರೆಯಲೇಬೇಕು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಾದ.

ದಣಿಗಳು ಒಬ್ಬೊಬ್ಬರಾಗಿ ನೆಂದುಕೊಂಡು ಬಂದರು. ಬಂದವರೆಲ್ಲರ ಹೆಗಲ ಮೇಲೂ ನೇರಳೆ. ಚಳಿಗೆ ನಡುವೆ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ಒದ್ದೆ ಉಣ್ಣೆ ಕಾವೇರಿತು. ಮೆಲ್ಲಗೆ, ಸುಗಂಧದ ಎಣ್ಣೆಯ ಅಡಿಯಿಂದ, ಕೊಳೆತ ಶಂಖದ ನಾತ ಎದ್ದಿತು.

"ಏನಿದು?" ಎಂದ ಒಬ್ಬ.

"ಥೂ! ಎಲ್ಲಿಂದ?" ಎಂದ ಇನ್ನೊಬ್ಬ.

ಎಲ್ಲ ಮುಖಗಳೂ ಬಾಗಿಲ ಚಾಪೆಯ ಕಡೆ ತಿರುಗಿದವು. ಪೂಜಾರಿ ಏನೋ ಹೇಳಲು ಬಾಯಿ ತೆರೆದು, ಹಿಲ್ಲೆಸ್ಬಾಲನ ಮುಖ ನೋಡಿ, ತೆರೆದ ಬಾಯಿಗೆ ಒಂದು ಅಂಜೂರ ಹಾಕಿಕೊಂಡ.

ಹಿಲ್ಲೆಸ್ಬಾಲ ಎದ್ದು ಬಂದು ಗೆರ್ಸಕೂನನ ಕಿವಿಯ ಹತ್ತಿರ ಬಗ್ಗಿದ. "ನಾತ ನಂದೇ ಅಂತ ಒಪ್ಕೊಂಡು ಈಗ ಸುಮ್ನೆ ಎದ್ದು ಹೋಗು. ಮುಂದಿನ ಕೂಟಕ್ಕೆ ನಾನೇ ಕರೆಸ್ತೀನಿ, ಮಾತು ಕೊಡ್ತೀನಿ."

ಬಗ್ಗಿದಾಗ ಅವನ ಹೊದಿಕೆಯ ಅಂಚು ಗೆರ್ಸಕೂನನ ಮುಖಕ್ಕೇ ತಾಗಿತು. ಜಾಲಿಸದೆ ಕಿತ್ತುಕೊಂಡು ಹೋದ ಅದೇ ಬಟ್ಟೆ. ಹೂಂ ಅಂದರೆ ಹೆಸರು ಉಳಿಯಬಹುದು. ಒಂದೇ ಮಾತು. ಬೆಟ್ಟದಲ್ಲಿ ಅಷ್ಟು ದಿನ ಅವನು ಮೈ ಉಜ್ಜಿಕೊಂಡದ್ದು ಆ ಒಂದು ಜಾಗಕ್ಕಾಗಿಯೇ.

ಅವನು ಬಟ್ಟಲನ್ನು ನೆಲಕ್ಕಿಟ್ಟ. ಹೊದಿಕೆಯ ಅಂಚನ್ನು ನೇರಳೆ ಕೈಯಲ್ಲಿ ಹಿಡಿದು, ಎಲ್ಲರೂ ನೋಡುತ್ತಿರುವಂತೆ ಮೂಸಿದ.

"ನನಗೆ ಮಕ್ಕಳಿಲ್ಲ ದಣೀ," ಎಂದ. "ಆದ್ರೆ ಇದನ್ನ ಹುಟ್ಟಿಸ್ದೋನು ನಾನು. ಇದರ ವಾಸನೆ ನನಗೆ ಗೊತ್ತಾಗಲ್ವಾ? ಇದು ನಿಮ್ಮ ಹೆಗಲ ಮೇಲಿದೆ. ಅಗೋ ಅವರ ಹೆಗಲ ಮೇಲೂ ಇದೆ. ಇಲ್ಲಿ ನಾತ ಇಲ್ದಿರೋನು ನಾನೊಬ್ಬನೇ."

ಮೂಲೆಯಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕು ಕೆಮ್ಮಿದಂತೆ ನಟಿಸಿದ. ಆಳುಗಳು ಗೆರ್ಸಕೂನನ ತೋಳು ಹಿಡಿದು ಮಳೆಗೆ ನೂಕಿದರು. ಅವನ ಬೆನ್ನ ಹಿಂದೆ ಹೆಸರು ಕರೆಯುವುದು ಶುರುವಾಗಿತ್ತು.

ಕೆಲಸದಿಂದ ಮಾತ್ರ ತೆಗೆಯಲಿಲ್ಲ, ಬಣ್ಣ ಬೇಕಲ್ಲ. ಅವನೂ ಹಂಡೆಗೆ ಮರಳಿದ. ಕೆಲವೇ ದಿನದಲ್ಲಿ ಮೂಗು ಮತ್ತೆ ಸತ್ತಿತು, ಅದಕ್ಕೆ ಅವನು ಸಮಾಧಾನಪಟ್ಟ. ಆ ಸಂಜೆಯ ಮಳೆ ಎದೆಯಲ್ಲಿ ಕೂತದ್ದು ಹೋಗಲಿಲ್ಲ. ಕೆಮ್ಮಿ ಕೆಮ್ಮಿ ಒಂದು ಬೆಳಗ್ಗೆ ಹಂಡೆಯ ಬಳಿಯೇ ಒರಗಿದ.

ಹಿಲ್ಲೆಸ್ಬಾಲನ ಪಾರುಪತ್ಯಗಾರ ಮಧ್ಯಾಹ್ನವೇ ದೋಣಿ ಹತ್ತಿ ಬಂದ. "ಹಂಡೆಗೆ ಬೆಂಕಿ ಯಾರು ನೋಡ್ಕೋತಾರೆ?" ಎಂಬುದು ಅವನು ಕೇಳಿದ ಮೊದಲ ಮಾತು. ಎರಡನೆಯ ಮಾತಿಗೆ ಅರಿಷತ್ ಅವಕಾಶ ಕೊಡಲಿಲ್ಲ. "ನಿಮ್ಮ ದಣೀನೇ ಬಂದು ನೋಡ್ಕೊಳ್ಳಲಿ. ಹೇಗೂ ವಾಸನೆ ಅಭ್ಯಾಸ ಆಗಿದೆ!"

ಹೆಣವನ್ನು ಸುಟ್ಟು, ಎಲುಬನ್ನು ಗಡಿಗೆಗೆ ತುಂಬಿ, ಮರಳಲ್ಲಿ ಹೂತದ್ದು ಶಂಖ ಒಡೆಯುವ ಹೆಂಗಸರೇ. ಚಂದ್ರ ಕಂಡ ಸಂಜೆ ಅರಿಷತ್ ಹುಳಿ ದ್ರಾಕ್ಷಾರಸ ಹಿಡಿದು ನಿಂತಳು. ಹೆಸರನ್ನು ತಂದೆಯ ಹೆಸರಿನ ಜೊತೆ ಕರೆಯಬೇಕು, ಆ ತಂದೆಯ ಹೆಸರು ಯಾರಿಗೂ ತಿಳಿದಿರಲಿಲ್ಲ. "ಬರೀ ಗೆರ್ಸಕೂನ ಅಂದ್ರೆ ಇನ್ಯಾವನೋ ಬಂದು ಕುಡಿದ್ರೆ?" ಎಂದು ಒಬ್ಬಳು ಹೆದರಿದಳು. ಅರಿಷತ್ ಅವಳನ್ನು ದುರುಗುಟ್ಟಿ ನೋಡಿ, ನೆಲದ ಕಡೆ ಬಗ್ಗಿ, ದಡದ ಆ ತುದಿಗೂ ಕೇಳುವಂತೆ ಕೂಗಿದಳು: "ಗೆರ್ಸಕೂನಾ! ಬಣ್ಣದವನೇ! ನಿನ್ನನ್ನೇ ಕಣೋ ಕರೀತಿರೋದು!"

ಅಂದಿನಿಂದ ಚಂದ್ರ ಕಂಡಾಗಲೆಲ್ಲ ಕರೆಯುತ್ತಾರೆ. ಈ ಸಲ ಕರೆಯುವ ಸರದಿ ಯಾರದು ಎಂಬುದಕ್ಕೆ ಆ ಹೆಂಗಸರಲ್ಲಿ ಜಗಳವಾಗಿ, ಇಬ್ಬರು ಮಾತು ಬಿಟ್ಟಿದ್ದಾರೆ.