ಮೂಗಮ್ಮನ ಹಗೇವು

ಹೆಸರೇನೋ ಮೂಗಮ್ಮ. ಬಾಯಿ ಮಾತ್ರ ಸಂತೆಮರಹಳ್ಳಿ ಬಸ್‌ಸ್ಟ್ಯಾಂಡಿನ ತನಕ ಕೇಳಿಸುವಂಥದ್ದು. ಆ ಬಾಯಿಗೆ ಜಗ್ಗದೆ ಇದ್ದದ್ದು ಊರಲ್ಲಿ ಎರಡೇ. ಒಬ್ಬ ಅವಳ ಮಗ ಮಹಾಲಿಂಗ, ಇನ್ನೊಂದು ಅವಳ ಮನೆ ಮುಂದೆ ನಡುಬೀದಿಯಲ್ಲಿ ಬಿದ್ದಿದ್ದ ಚಪ್ಪಡಿ ಕಲ್ಲು. ಕಲ್ಲಿನ ಕೆಳಗೆ ಹಗೇವು. ಬಾಯಿ ಕಿರಿದು, ಹೊಟ್ಟೆ ಅಗಲ, ಆಳುದ್ದಕ್ಕೂ ಮೀರಿದ ಗುಂಡಿ. ಸುತ್ತ ರಾಗಿ ಹುಲ್ಲು ಹೊದಿಸಿ, ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತಿರ ಸುಳಿಯುವುದಿಲ್ಲ. ಹಿಂದೆ ಆ ಬೀದಿಯಲ್ಲಿ ಮನೆಗೊಂದು ಹಗೇವಿತ್ತು. ರೇಷನ್ ಅಕ್ಕಿ ಬಂದದ್ದೇ ಬಂದದ್ದು, ಒಂದಕ್ಕೆ ಕಸ ತುಂಬಿದರು, ಇನ್ನೊಂದನ್ನು ಕಕ್ಕಸಿನ ಗುಂಡಿ ಮಾಡಿದರು. ಕೊನೆಗೆ ಉಳಿದದ್ದು ಮೂಗಮ್ಮನದೊಂದೇ.

ಹಗೇವಿಗೊಂದು ಕಟ್ಟಳೆ ಉಂಟು. ಬೇಕೆಂದಾಗ ಒಂದು ಮೊರ ತೆಗೆದು ಮತ್ತೆ ಮುಚ್ಚಿಡಲು ಅದೇನು ಅಡುಗೆಮನೆಯ ಡಬ್ಬವೇ? ಒಮ್ಮೆ ಬಾಯಿ ತೆಗೆದರೆ ತೇವ ಒಳಹೊಕ್ಕು ಕಾಳು ಮುಗ್ಗುತ್ತದೆ. ತಳ ಕಾಣುವವರೆಗೂ ತೆಗೆಯಲೇಬೇಕು. ಒಂದೇ ಮನೆಗೆ ಅಷ್ಟು ರಾಗಿ ಕಟ್ಟಿಕೊಂಡು ಏನು ಮಾಡುವುದು? ಅದಕ್ಕೇ ಹಗೇವು ತೆಗೆದ ದಿನ ಇಲ್ಲದವರಿಗೆಲ್ಲ ಪಾಲು. ತಿಂದವರು ಮುಂದಿನ ಸುಗ್ಗಿಯಲ್ಲಿ ತುಂಬಿಕೊಡಬೇಕು. ಇದನ್ನೆಲ್ಲ ಕಲಿಸಿದವಳು ಮೂಗಮ್ಮನ ಅತ್ತೆ. ಹುಡುಗಿಯಾಗಿದ್ದಾಗ ಬರ ಬಂದು, ಕಾಳಿಲ್ಲದೆ ಬರೀ ಸೊಪ್ಪು ಬೇಯಿಸಿ ತಿಂದು ಜೀವ ಹಿಡಿದವಳು ಆಕೆ.

ಕೊರೊನಾ ಬಂದ ವರ್ಷ, ಸಂಕ್ರಾಂತಿ ಕಳೆದ ಮೇಲೆ ಆ ಬೀದಿಗೆ ಕಾಂಕ್ರೀಟ್ ರಸ್ತೆ ಬಂತು. ಕಂಟ್ರಾಕ್ಟರ್ ರಾಯಚೂರು ಕಡೆಯ ಕೂಲಿಯವರನ್ನು ಕರೆತಂದು ಕೆರೆ ಏರಿಯ ಕೆಳಗೆ ಟೆಂಟು ಹಾಕಿಸಿದ. ಅವರ ಮೇಸ್ತ್ರಿ ರಂಗನಾಯಕ ಒಳ್ಳೆಯವನೇ, ಆದರೆ ಹೇಳಿದ ಕೆಲಸ ಮಾಡುವವನು. ರಸ್ತೆ ಕಲ್ಲಿನ ಹತ್ತಿರ ಬಂದ ದಿನ ಮೂಗಮ್ಮ ಹೋಗಿ ಚಪ್ಪಡಿಯ ಮೇಲೆ ಕೂತುಬಿಟ್ಟಳು.

"ಏಳ್ರೀ ಯವ್ವಾ, ಕಲಸಿದ್ದು ಗಟ್ಟಿ ಆಗ್ತೈತ್ರಿ," ಎಂದ ರಂಗನಾಯಕ.

"ಆಗ್ಲಿ ಬುಡು. ನಾನೂ ಗಟ್ಟಿಯಾಗೇ ಇವ್ನಿ."

ಮಹಾಲಿಂಗನಿಗೆ ತಲೆ ಎತ್ತಲಾಗಲಿಲ್ಲ. ಅವನು ಚಾಮರಾಜನಗರದಲ್ಲಿ ಆಫೀಸೊಂದರ ಅಟೆಂಡರು, ಇಸ್ತ್ರಿ ಅಂಗಿಯವನು. "ಈ ಕಾಲ್ದಲ್ಲಿ ಯಾರವ್ವ ಹಗೇವು ಮಡಿಕತ್ತರ? ರೇಷನ್ ಬತ್ತದ, ಅಂಗ್ಡಿ ಅದ, ಬಸ್ ಅದ."

"ಎಲ್ಲ ಅದ ಕಣ್ಲಾ. ಇಲ್ದಿದ್ ದಿನ ಏನ್ ತಿಂದೀಯೆ?"

"ಅಂಥ ದಿನ ಬರಕಿಲ್ಲ ಬುಡವ್ವ."

ಬೀದಿಯೆಲ್ಲ ಸೇರಿ ನಗುವಾಗ ಕೊನೆಗೆ ಅವನೇ ಒಂದು ಒಪ್ಪಂದಕ್ಕೆ ಬಂದ. ಒಳಗೆ ರಾಗಿ ಇರುವವರೆಗೂ ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ಖಾಲಿಯಾದ ದಿನ ಮುಚ್ಚಿಸಿ ಮೇಲೆ ಕಾಂಕ್ರೀಟ್ ಹಾಕಿಸುವುದು. ಮೂಗಮ್ಮ ಮಾತು ಕೊಟ್ಟಳು. ತೆಗೆದರೆ ತಾನೇ ಖಾಲಿಯಾಗುವುದು? ತೆಗೆಯುವವರು ಯಾರು!

ಯುಗಾದಿಯ ಹೊತ್ತಿಗೆ ಬಸ್ಸು ನಿಂತಿತು, ಸಂತೆ ನಿಂತಿತು, ಕಂಟ್ರಾಕ್ಟರನ ಫೋನೂ ನಿಂತಿತು. ರಸ್ತೆ ಮೂಗಮ್ಮನ ಕಲ್ಲಿಗೆ ಒಂದು ಮಾರು ದೂರದಲ್ಲಿ ಮುಗಿಯದೆ ಬಿತ್ತು. ಎಲ್ಲ ಜಿಲ್ಲೆಯಲ್ಲೂ ಕಾಯಿಲೆ, ನಮ್ಮಲ್ಲಿ ಮಾತ್ರ ಒಂದೂ ಇಲ್ಲ ಎಂದು ಟಿವಿ ಹೇಳಿದ್ದೇ ತಡ, ಊರವರಿಗೆ ಕೋಡು ಮೂಡಿತು. ದಾರಿಗೆ ಮುಳ್ಳು ಎಳೆದರು. ಪಂಚಾಯ್ತಿ ಮೆಂಬರ್ ದೊರೆಸ್ವಾಮಿ ಕೆರೆ ಏರಿಯ ಕಡೆಗೂ ಎರಡು ಕೊಂಬೆ ಎಳೆಸಿದ. ಟೆಂಟಿನವರು ಊರೊಳಗೆ ಬರಬಾರದು, ಊರವರು ಅತ್ತ ಹೋಗಬಾರದು.

ಮೂಗಮ್ಮ ಹಸು ಅಟ್ಟಿಕೊಂಡು ಹೋಗುವ ನೆಪದಲ್ಲಿ ಹೋದಳು. ಮನೆಯ ಅಟ್ಟದ ಮೇಲಿದ್ದ ಮೂಟೆಯಿಂದ ಹಿಟ್ಟು ಬೀಸಿ ಸೆರಗಿನಲ್ಲಿ ಮುಚ್ಚಿಕೊಂಡು ಕೊಟ್ಟುಬಂದಳು. ಅಷ್ಟು ಜನಕ್ಕೆ ಅದು ಯಾವ ಮೂಲೆಗೆ! ಒಂದು ಸಂಜೆ ರಂಗನಾಯಕನ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ಮೂಗಮ್ಮ ಪಾತ್ರೆಯೊಳಗೆ ಇಣುಕಿದಳು. ಕೆರೆ ಅಂಚಿನ ಅಣ್ಣೆಸೊಪ್ಪು, ಉಪ್ಪು, ನೀರು. ಒಂದು ಕಾಳೂ ಇಲ್ಲ. ಅವಳಿಗೆ ಅತ್ತೆಯ ನೆನಪಾಗಿ ಎದೆ ಉರಿದುಹೋಯಿತು. ಮನೆಗೆ ಬರುವಷ್ಟರಲ್ಲಿ ಆ ಉರಿ ಸಿಟ್ಟಾಗಿತ್ತು.

ಬೆಳಿಗ್ಗೆ ಎದ್ದವಳೇ ಮಗನಿಗೆ ಹೇಳಿದಳು, "ಹಾರೆ ತತ್ತಾ. ಹಗೇವು ತಗೀಬೇಕು."

ಮಹಾಲಿಂಗ ಕಣ್ಣುಬಿಟ್ಟ. "ತಗುದ್ರೆ ಖಾಲಿ. ಖಾಲಿಯಾದ್ರೆ ಮುಚ್ಚುಸ್ತೀನಿ. ಕೊಟ್ಟ ಮಾತು ಗ್ಯಾನ ಅದ?"

"ಅದ ಕಣ್ಲಾ. ಹಾರೆ ತಾ."

ಸುದ್ದಿ ತಿಳಿದು ದೊರೆಸ್ವಾಮಿ ಓಡಿಬಂದ. "ದೊಡ್ಡವ್ವ, ಹೊರಗ್ನೋರ್ ಜೊತೆ ಕೊಡೋದು ತಕ್ಕಳದು ಬ್ಯಾಡ. ಕಾಯ್ಲೆ ಅಂಟ್ಸುದ್ರೆ ಜಿಲ್ಲೆ ಮರ್ವಾದೆ ಓಯ್ತದ."

"ರೋಡ್ ಆಕಾಗ ನಮ್ಮೋರು, ಉಣ್ಣಾಗ ಹೊರಗ್ನೋರಾ? ಕೆರೆ ಅಂಚ್ನಲ್ಲಿ ಎಣ ಬಿದ್ರೆ ನಿನ್ ಮರ್ವಾದೆ ಎಲ್ಲಿದ್ದದ್ಲಾ? ಮುಳ್ ತಗೀತೀಯೋ, ನಾನೇ ತಗೀಲೋ?"

ದೊರೆಸ್ವಾಮಿ ಮಾಸ್ಕನ್ನು ಮೂಗಿಗೇರಿಸಿಕೊಂಡು ದೂರ ನಿಂತ.

ಮಹಾಲಿಂಗ ಸಿಟ್ಟಿನಲ್ಲೇ ಮಣ್ಣು ಕೆದರಿ ಚಪ್ಪಡಿ ಸರಿಸಿದ. ಬೇಗ ಮುಗಿದುಹೋಗಲಿ ಎಂದು ಬುಟ್ಟಿ ಹಿಡಿದು ಒಳಕ್ಕೆ ಕಾಲು ಇಳಿಬಿಟ್ಟ. ಮೂಗಮ್ಮ ಅವನ ಇಸ್ತ್ರಿ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದು ಕೆಡವಿದಳು. ಲಾಟೀನು ಹಚ್ಚಿ, ಹಗ್ಗ ಕಟ್ಟಿ ಇಳಿಬಿಟ್ಟಳು. ಬಾಯಿ ದಾಟಿದ್ದೇ ದೀಪ ಪಕ್ಕನೆ ಆರಿತು. ಮುಚ್ಚಿದ ಹಗೇವಿನ ಕೆಟ್ಟ ಗಾಳಿ ಅದು, ಮನುಷ್ಯನನ್ನೂ ಹಾಗೇ ಆರಿಸುತ್ತದೆ. ಮಹಾಲಿಂಗ ನೆಲದ ಮೇಲೆ ಕೂತೇ ಆ ಲಾಟೀನು ನೋಡಿದ. ಬಿಸಿಲೇರುವ ತನಕ ಬಾಯಿ ತೆರೆದಿಟ್ಟು ಕಾದರು. ಮತ್ತೆ ಬಿಟ್ಟ ದೀಪ ಉರಿಯುತ್ತಲೇ ನಿಂತಾಗ ಅವನೇ ಇಳಿದ.

ರಾಗಿ ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಟೆಂಟಿಗೆ ಮೊದಲ ಮೂಟೆ ಹೋಯಿತು, ಕೂಲಿ ನಿಂತುಹೋಗಿದ್ದ ಮನೆಗಳಿಗೂ ಹೋಯಿತು. ನಗುತ್ತಿದ್ದವರೂ ಮೊರ ಹಿಡಿದು ಬಂದರು. ಮೂಗಮ್ಮ ಅವರಿಗೆ ಎರಡು ಮಾತು ಅಂದಳು, ಅಂದರೂ ಕೊಟ್ಟಳು. ರಂಗನಾಯಕನ ಕಡೆಯವರು ಜೋಳದ ರೊಟ್ಟಿಯ ಜನ. ಮುದ್ದೆಯನ್ನು ಅಗಿಯುತ್ತ ಕೂತಿದ್ದನ್ನು ಕಂಡು ಅವಳಿಗೆ ನಗು ತಡೆಯಲಿಲ್ಲ. "ಅಗೀಬ್ಯಾಡಿ ಕಣ್ರಪ್ಪ, ನುಂಗಿ!"

ರಂಗನಾಯಕ ಕೈಮುಗಿಯಲು ಹೋದ. ಅವಳು ಗದರಿದಳು. "ದಾನ ಅಲ್ಲ ಇದು. ತಿಂದೋರು ತುಂಬ್ಬೇಕು. ಸುಗ್ಗೀಲಿ ಬಂದು ತುಂಬು."

ದಾರಿ ತೆರೆದಾಗ ಅವರು ಊರಿಗೆ ಹೋದರು. ಹಗೇವು ಖಾಲಿ. ಮೂಗಮ್ಮ ಕಲ್ಲಿನ ಮೇಲೆ ಕೂರುವುದನ್ನು ಬಿಟ್ಟಳು. ಮಾತು ಕೊಟ್ಟಾಗಿತ್ತು, ಕೂತು ಮಾಡುವುದೇನು? ಒಳಗೆ ಮಾತ್ರ ಅವಳಿಗೆ ಬಹಳ ಸಂಕಟವಾಗುತ್ತಿತ್ತು.

ರಾಗಿ ಒಕ್ಕಣೆ ಮುಗಿದ ಮೇಲೆ ಉಳಿದ ರಸ್ತೆ ಮುಗಿಸಲು ರಂಗನಾಯಕನ ಗುಂಪು ವಾಪಸು ಬಂತು. ದೊರೆಸ್ವಾಮಿ ಮುಂದೆ ನಿಂತು, "ಈಗ ಖಾಲಿ ಅಲ್ವಾ? ಮಣ್ ತುಂಬಿ ಮ್ಯಾಲೆ ಆಕ್ಬುಡಿ," ಎಂದ. ಮೂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ಬಾಯಿಂದ ಒಂದು ಮಾತೂ ಹೊರಡದ್ದನ್ನು ಬೀದಿ ಅವತ್ತೇ ಮೊದಲು ಕಂಡದ್ದು.

ರಂಗನಾಯಕ ಸನಿಕೆ ಕೆಳಗಿಟ್ಟ. ಸಾಮಾನಿನ ಗಾಡಿಗೆ ಹೋಗಿ ಒಂದು ಚೀಲ ಹೆಗಲ ಮೇಲೆ ಹೊತ್ತು ತಂದು ಕಲ್ಲಿನ ಪಕ್ಕ ಇಳಿಸಿದ.

"ಯವ್ವಾ, ನಮ್ಮ ಕಡೆ ರಾಗಿ ಬೆಳ್ಯಂಗಿಲ್ರಿ. ಜೋಳ ತಂದೀನಿ. ನಡೀತೈತೇನ್ರಿ?"

"ರಾಗಿ ಹಗೇವ್ಗೆ ಜೋಳ ಸುರಿದೋರ್ನ ಎಲ್ಲಾರ ಕಂಡಿದ್ದೀಯೇನ್ಲಾ?" ಮೂಗಮ್ಮನ ಬಾಯಿ ವಾಪಸು ಬಂದಿತ್ತು, ಕಣ್ಣು ಮಾತ್ರ ತುಂಬಿತ್ತು. "ಸುರಿ. ತಗಿಯೋ ದಿನ ಜರಡಿ ಹಿಡೀತೀನಿ."

ದೊರೆಸ್ವಾಮಿ ಮಹಾಲಿಂಗನ ಕಡೆ ತಿರುಗಿದ. "ನೀನಾರ ಹೇಳಪ್ಪ. ಖಾಲಿಯಾದ್ರೆ ಮುಚ್ಚುಸ್ತೀನಿ ಅಂದೋನು ನೀನೇ ತಾನೆ?"

ಮಹಾಲಿಂಗ ಮನೆಯೊಳಗೆ ಹೋಗಿ ಆ ವರ್ಷದ ರಾಗಿಯ ಮೂಟೆಯೊಂದನ್ನು ಎಳೆದು ತಂದ. ಲಾಟೀನನ್ನೂ ತಂದಿದ್ದ. ಅದನ್ನು ಕಲ್ಲಿನ ಪಕ್ಕ ಇಟ್ಟು, ರಂಗನಾಯಕನ ಕೈಯಿಂದ ಅಳತೆ ಟೇಪು ಇಸಿದುಕೊಂಡ.

"ಖಾಲಿ ಎಲ್ಲಿ ಅದಣ್ಣ?" ಎಂದ. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವ, ಕಲ್ ಸುತ್ತ ಎಷ್ಟ್ ಜಾಗ ಬುಡ್ಬೇಕು?" ಎಂದು ಕೇಳಿದ.