ಆ ನಾಲ್ಕು ಕೊಕ್ಕೆ ಯಾತಕ್ಕೆ

ನನ್ನ ಇಂಗ್ಲಿಷಿನ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಜಂಭ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಅದನ್ನೇ ಕಲಿಸಿ ನಿವೃತ್ತಳಾದ ಮೇಲೆ ವಿಜಯನಗರದ ಮನೆಯಲ್ಲಿ ಕೂತು ಆ ಇಂಗ್ಲಿಷನ್ನು ಯಾರ ಮುಂದೆ ಆಡುವುದು? ನಾಯಂಡಹಳ್ಳಿಯ ಮಹಿಳಾ ಸಂಘವೊಂದಕ್ಕೆ ಇಂಗ್ಲಿಷ್ ಕಾಗದಪತ್ರ ಓದಿ ಹೇಳುವವರು ಬೇಕಂತೆ ಎಂದು ಕಿವಿಗೆ ಬಿದ್ದ ವಾರವೇ ಮೆಟ್ರೋ ಹತ್ತಿದೆ. ಸೇವೆ ಮಾಡಲು ಹೋಗುತ್ತಿದ್ದೇನೆ ಎಂದು ಬೀದಿಗೆಲ್ಲ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಬೇಸರ ಕಳೆಯಲು ಹೋದದ್ದು.

ಸಂಘದವರು ಒಣ ಕಸ ವಿಂಗಡಿಸುವ ಹೆಂಗಸರು. ಮೈಸೂರು ರಸ್ತೆ ಪಕ್ಕದ ಗ್ಯಾರೇಜು, ಗೋಡೌನುಗಳ ನಡುವೆ ಅವರದೂ ಒಂದು ತಗಡಿನ ಶೆಡ್ಡು. ಬೆಳಿಗ್ಗೆ ಬಂದು ಬೀಳುವ ರಾಶಿಯನ್ನು ಹಾಲಿನ ಕವರು, ಬಾಟಲಿ, ರಟ್ಟು ಎಂದು ಬೇರೆ ಮಾಡುತ್ತಿದ್ದರು. ಪ್ಲಾಸ್ಟಿಕ್ಕನ್ನು ಕೈಯಲ್ಲಿ ಹಿಸುಕಿ, ಅದರ ಸದ್ದಿನಿಂದಲೇ ಯಾವ ಬಗೆಯದು ಎಂದು ಹೇಳಿಬಿಡುತ್ತಿದ್ದರು. ನನಗೆ ಎಲ್ಲವೂ ಒಂದೇ ಥರ ಚರಪರ ಎನ್ನುತ್ತಿದ್ದವು.

ಅಧ್ಯಕ್ಷೆ ಬಿನ್ನಿಪೇಟೆಯವರು. ಅರವತ್ತರ ಹತ್ತಿರದ, ಕಡ್ಡಿಯಂಥ ಹೆಂಗಸು. ಕನ್ನಡವನ್ನೇ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು, ಆದರೆ ಒಮ್ಮೆ ಓದಿದ್ದನ್ನು ಮರೆತದ್ದು ನಾನು ನೋಡಿಲ್ಲ. ಅವರ ಸಂಘದಲ್ಲಿ ಏನೇ ಆಗಬೇಕಾದರೂ ಸಭೆಯಲ್ಲಿ ತೀರ್ಮಾನವಾಗಬೇಕು, ಅದನ್ನು ಪುಸ್ತಕದಲ್ಲಿ ಬರೆಯಬೇಕು, ಕೆಳಗೆ ಎಲ್ಲರೂ ಸಹಿ ಹಾಕಬೇಕು. ಪೊರಕೆ ಎಲ್ಲಿಡಬೇಕು ಎನ್ನುವುದಕ್ಕೂ ಒಂದು ತೀರ್ಮಾನವಿತ್ತು. ನಾನು ಒಳಗೊಳಗೇ ನಗುತ್ತಿದ್ದೆ.

ಶೆಡ್ಡಿನ ಹಿಂಭಾಗದಲ್ಲಿ ಗೋಡೆ ಎಬ್ಬಿಸಿ ಬೇರೆ ಮಾಡಿದ ಕೋಣೆಯೊಂದಿತ್ತು. ಅದರ ತೊಲೆಗೆ ನಾಲ್ಕು ಕಬ್ಬಿಣದ ಕೊಕ್ಕೆ. ಕೊಕ್ಕೆಗೆ ಹಳೆ ಸೀರೆಯ ಜೋಲಿ, ಜೋಲಿಯೊಳಗೆ ಕೂಸುಗಳು. ಹೆಂಗಸರಲ್ಲೇ ಒಬ್ಬೊಬ್ಬರು ಸರದಿಯ ಮೇಲೆ ಕೂತು ನೋಡಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಚಿಕ್ಕದು ಎಂಟು ತಿಂಗಳ ಹೆಣ್ಣು ಮಗು. ಅದರ ತಾಯಿ ಸಂಘದಲ್ಲಿ ಎಲ್ಲರಿಗಿಂತ ಕಿರಿಯವಳು. ಅವಳ ಮೊದಲ ಮಗ ಕೂಸಾಗಿದ್ದಾಗ ಈ ಕೋಣೆ ಇರಲಿಲ್ಲ. ಅವನನ್ನು ಮನೆಯೊಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಕೆಲಸಕ್ಕೆ ಬರುತ್ತಿದ್ದಳಂತೆ. ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

"ಇನ್ನೊಂದ್ ಸಲ ಹಂಗೆ ಮಾಡಲ್ಲ ಮಿಸ್. ಬೇಕಾದ್ರೆ ಕೆಲ್ಸಾನೇ ಬಿಡ್ತೀನಿ," ಎಂದಿದ್ದಳು.

ಹೊರದೇಶದ ಸಂಸ್ಥೆಯೊಂದು ಮೂರು ವರ್ಷದಿಂದ ಸಂಘಕ್ಕೆ ಆಸರೆಯಾಗಿತ್ತು. ರಟ್ಟು ಒತ್ತಿ ಕಟ್ಟುವ ಯಂತ್ರ, ಕೈಗವಸು, ಆರೋಗ್ಯ ತಪಾಸಣೆ ಎಲ್ಲ ಅವರ ನೆರವಿನಿಂದಲೇ. ಇನ್ನೂ ಮೂರು ವರ್ಷ ಮುಂದುವರಿಸುವ ಮಾತಿತ್ತು. ಅದರ ಕಾಗದ ಬಂದಾಗ ಓದಿ ಹೇಳುವ ಕೆಲಸ ನನ್ನದು. ಅದರಲ್ಲಿ ಹೊಸದಾಗಿ ಒಂದು ಷರತ್ತು ಸೇರಿತ್ತು: ಕಸ ವಿಂಗಡಿಸುವ ಆವರಣದಲ್ಲಿ ಮಕ್ಕಳು ಯಾರೂ ಇರಕೂಡದು. ಕಿರಿಯವಳ ಮುಖ ಸಪ್ಪಗಾಯಿತು. ಸಂಸ್ಥೆಯ ಪ್ರತಿನಿಧಿ ಮುಂದಿನ ವಾರವೇ ನೋಡಲು ಬರುವವರಿದ್ದರು.

ಉಪಾಯ ಹೇಳಿದವಳು ನಾನೇ. "ಅವತ್ತೊಂದಿನ ಜೋಲಿ ಬಿಚ್ಚಿಡಿ. ಮಕ್ಕಳನ್ನ ಪಕ್ಕದ ಬೀದೀಲಿ ಯಾರ ಮನೇಲಾದ್ರೂ ಬಿಡಿ. ಅವ್ರು ಬಂದು ಹೋದ್ಮೇಲೆ ಯಾರು ನೋಡ್ತಾರೆ?" ನೆಂಟರು ಬರುವಾಗ ಬೇಡದ್ದನ್ನೆಲ್ಲ ಮಂಚದ ಕೆಳಗೆ ತಳ್ಳುವುದಿಲ್ಲವೇ, ಹಾಗೆ ಎಂದುಕೊಂಡಿದ್ದೆ.

"ಬೇಡ ಮಿಸ್, ಇರೋದನ್ನ ಹೇಳ್ಬಿಡೋಣ," ಎಂದರು ಅಧ್ಯಕ್ಷೆ. ಆದರೆ ಸಭೆಯಲ್ಲಿ ಉಳಿದೆಲ್ಲರ ಕೈಯೂ ನನ್ನ ಉಪಾಯಕ್ಕೇ ಎದ್ದಿತು. ಕಿರಿಯವಳದು ಎಲ್ಲರಿಗಿಂತ ಮೊದಲು. ಆಸರೆ ತಪ್ಪಿದರೆ ಎಂಬ ಹೆದರಿಕೆ ಯಾರಿಗಿಲ್ಲ? ಅಧ್ಯಕ್ಷೆಯ ಕೈಯೊಂದೇ ಮಡಿಲಲ್ಲಿ ಉಳಿಯಿತು. ಸಭೆ ಹೇಳಿದ ಮೇಲೆ ಮುಗಿಯಿತು ಎನ್ನುವವರು ಅವರು. ಪುಸ್ತಕದಲ್ಲಿ ಬರೆಸಿ ತಾವೇ ಮೊದಲ ಸಹಿ ಹಾಕಿದರು.

ಬಂದವರು ಎತ್ತರದ, ಬಿಳಿಗೂದಲಿನ ಮಹಿಳೆ. ಒಳ್ಳೆಯವರು. ರಾಶಿಯ ಮುಂದೆ ಕೂತು ತಾವೂ ಪ್ಲಾಸ್ಟಿಕ್ ಹಿಸುಕಿ, ಎಲ್ಲವನ್ನೂ ತಪ್ಪು ಚೀಲಕ್ಕೆ ಹಾಕಿ, ತಮ್ಮಷ್ಟಕ್ಕೆ ತಾವೇ ನಕ್ಕರು. ನಾನು ಇಬ್ಬರ ನಡುವೆ ನಿಂತು ಮಾತು ದಾಟಿಸುತ್ತ ಹಿಗ್ಗುತ್ತಿದ್ದೆ. ಕೊನೆಗೆ ಹಿಂದಿನ ಕೋಣೆಗೆ ಬಂದೆವು. ಕೋಣೆ ಖಾಲಿ. ಅವರು ತಲೆಯೆತ್ತಿ ತೊಲೆ ನೋಡಿದರು. ಆಮೇಲೆ ಅಧ್ಯಕ್ಷೆಯ ಕಡೆ ತಿರುಗಿ, ಆ ನಾಲ್ಕು ಕೊಕ್ಕೆ ಯಾತಕ್ಕೆ ಎಂದು ಕೇಳಿದರು.

ಪ್ರಶ್ನೆಯನ್ನು ಕನ್ನಡಕ್ಕೆ ತಂದೆ. ಅಧ್ಯಕ್ಷೆ ಒಂದು ಕ್ಷಣವೂ ತಡೆಯಲಿಲ್ಲ. ಜೋಲಿ ಕಟ್ಟುವುದಕ್ಕೆ, ನಮ್ಮ ಮಕ್ಕಳು ಮಲಗುವುದು ಇಲ್ಲೇ, ಇವತ್ತು ನೀವು ಬರುತ್ತೀರಿ ಎಂದು ಬೇರೆ ಕಡೆ ಕಳಿಸಿದ್ದೇವೆ ಎಂದು ಒಂದೇ ಸಮನೆ ಹೇಳಿದರು. ಜೋಲಿ ತೂಗುವುದು ಹೇಗೆಂದು ಗಾಳಿಯಲ್ಲಿ ಕೈಯಾಡಿಸಿಯೂ ತೋರಿಸಿದರು. ಇಂಗ್ಲಿಷಿನಲ್ಲಿ ನಾನು ಹೇಳಿದ್ದು ಇಷ್ಟೇ: ಚೀಲ ನೇತುಹಾಕಲು.

ಆ ಮಹಿಳೆ ನನ್ನ ಮುಖ ನೋಡಿದರು. ಇನ್ನೂ ಗಾಳಿಯಲ್ಲಿ ತೂಗುತ್ತಿದ್ದ ಅಧ್ಯಕ್ಷೆಯ ಕೈ ನೋಡಿದರು. ಚೀಲವನ್ನು ಯಾರೂ ಹಾಗೆ ತೂಗುವುದಿಲ್ಲ.

"ಮಿಸ್, ನಾನು ಅಷ್ಟುದ್ದ ಹೇಳಿದ್ನಲ್ಲ," ಎಂದರು ಅಧ್ಯಕ್ಷೆ. "ನೀವು ಎರಡೇ ಮಾತಲ್ಲಿ ಮುಗಿಸ್ಬಿಟ್ರಲ್ಲ?"

"ಸಭೇಲಿ ತೀರ್ಮಾನ ಆಗಿತ್ತಲ್ಲಮ್ಮ," ಎಂದು ಪಿಸುಗುಟ್ಟಿದೆ.

"ಜೋಲಿ ಬಿಚ್ಚೋದು ಅಂತ ಆಗಿತ್ತು. ಬಿಚ್ಚಿದೀವಿ. ಕೇಳಿದ್ರೆ ಸುಳ್ಳು ಹೇಳೋದು ಅಂತ ಯಾವಾಗ ಆಯ್ತು? ಪುಸ್ತಕ ತರಿಸ್ಲಾ?"

ಮೂವತ್ತು ವರ್ಷ ಮಕ್ಕಳ ಕಿವಿ ಹಿಂಡಿದ್ದ ನನ್ನ ಕಿವಿ ಅಂದು ಕೆಂಪಾಯಿತು.

"ಮೊದ್ಲಿಂದ ಹೇಳ್ತೀನಿ, ಒಂದೊಂದಾಗಿ ಹೇಳಿ," ಎಂದು ಅವರು ಶುರುಮಾಡಿದರು. "ನಮ್ಮಮ್ಮ ಬಟ್ಟೆ ಮಿಲ್ಲಲ್ಲಿ ಕೆಲ್ಸ ಮಾಡ್ತಿದ್ರು. ಅಲ್ಲಿ ಕೂಸುಗಳಿಗೆ ಅಂತಾನೇ ಒಂದು ಕೋಣೆ ಇತ್ತು. ನಾನು ಬೆಳೆದಿದ್ದೇ ಅದ್ರಲ್ಲಿ. ಅಮ್ಮ ಕೆಲ್ಸದ ಮಧ್ಯೆ ಬಂದು ಹಾಲು ಕುಡಿಸಿ ಹೋಗೋರು. ಆ ಕೋಣೆ ಇಲ್ದಿದ್ರೆ ಅಮ್ಮಂಗೆ ಕೆಲ್ಸ ಇಲ್ಲ, ನಮಗೆ ಊಟ ಇಲ್ಲ. ಮಕ್ಳು ಕಸದ ಹತ್ರ ಬರಬಾರ್ದು ಅಂತ ನೀವು ಬರ್ದಿದೀರ. ಒಳ್ಳೇದೇ ಬರ್ದಿದೀರ. ನಾವೂ ಅದಕ್ಕೇ ಗೋಡೆ ಕಟ್ಟಿದ್ದು. ಆದ್ರೆ ಈ ಕೋಣೆ ಮುಚ್ಚಿದ್ರೆ ಅವು ಎಲ್ಲಿಗೆ ಹೋಗ್ಬೇಕು ಅಂತ ನೀವು ಬರ್ದಿಲ್ಲ."

ಒಂದಕ್ಷರ ಬಿಡದೆ ದಾಟಿಸಿದೆ. ಚೀಲದ ಮಾತು ನನ್ನ ಸ್ವಂತದ್ದು ಎಂದೂ ಸೇರಿಸಿದೆ. ಆ ಮಹಿಳೆ ಮತ್ತೊಮ್ಮೆ ತಲೆಯೆತ್ತಿ ಕೊಕ್ಕೆಗಳನ್ನು ನೋಡಿದರು. ಈಗ ಮಕ್ಕಳೆಲ್ಲಿ ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಕಿರಿಯವಳು ಅಧ್ಯಕ್ಷೆಯ ಕಣ್ಣು ನೋಡಿದವಳೇ ಓಡಿದಳು. ವಾಪಸು ಬಂದಾಗ ಸೊಂಟದಲ್ಲಿ ಕೂಸು, ಹೆಗಲ ಮೇಲೆ ಸೀರೆ.

"ಈಗ ಕೂಸು ಬಂತಲ್ಲ, ಎಲ್ರೂ ಹೊರಗೆ ನಡೀರಿ," ಎಂದರು ಅಧ್ಯಕ್ಷೆ. "ಕಾಲಲ್ಲಿರೋದು ಬಿಟ್ಟು, ಕೈ ತೊಳ್ಕೊಂಡು ಬರಕ್ಕೆ ಅವ್ರಿಗೂ ಹೇಳಿ ಮಿಸ್. ಇದು ನಮ್ಮ ಸಭೇಲಿ ಆಗಿರೋ ತೀರ್ಮಾನ."

ಅಷ್ಟು ದೂರದಿಂದ ಬಂದ ಆ ಹೆಣ್ಣುಮಗಳು ಶೂ ಬಿಚ್ಚಿ, ತೊಟ್ಟಿಯ ಬಳಿ ಬಗ್ಗಿ ಮೊಣಕೈವರೆಗೂ ಕೈ ತೊಳೆದರು. ಪಕ್ಕದಲ್ಲಿ ನಾನೂ ತೊಳೆದೆ. ಹೊರಡುವಾಗ ಅವರು, ಇದನ್ನು ತೀರ್ಮಾನಿಸುವ ಅಧಿಕಾರ ನನ್ನೊಬ್ಬಳದಲ್ಲ, ಆದರೆ ಕೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ ಎಂದರು.

ಮುಂದಿನ ಸಭೆಯಲ್ಲಿ ನನ್ನದೇ ವಿಷಯ ಬಂತು. ತಪ್ಪಾಯಿತು ಎಂದೆ. 'ಇನ್ನು ಮುಂದೆ ಮಿಸ್ ಪೂರ್ತಿ ಹೇಳತಕ್ಕದ್ದು' ಎಂದು ತೀರ್ಮಾನವಾಯಿತು. ಪೊರಕೆಯ ತೀರ್ಮಾನವಿದ್ದ ಅದೇ ಪುಸ್ತಕದಲ್ಲಿ ಅದನ್ನೂ ಬರೆದರು, ಕೆಳಗೆ ನಾನು ಸಹಿ ಹಾಕಿದೆ. ಈ ಸಲ ನಗು ಬರಲಿಲ್ಲ. ಆ ಸಂಸ್ಥೆಯ ಕಾಗದಗಳಲ್ಲಿ ನಾಗರಿಕ ಸಮಾಜ, ಅಭಿವೃದ್ಧಿ, ಸಹಕಾರ ಎಂಬ ದೊಡ್ಡ ಮಾತುಗಳು ಪುಟಕ್ಕೆ ಹತ್ತರಂತೆ ಇರುತ್ತಿದ್ದವು. ನಾನು ನಿಘಂಟು ನೋಡಿ ಅರ್ಥ ಹೇಳುತ್ತಿದ್ದೆ, ಕೊಡುವವರು ಕೊಡುತ್ತಾರೆ, ಪಡೆಯುವವರು ತಲೆಯಾಡಿಸಬೇಕು ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ. ಬೇರೆ ದೇಶದವರು ಬರೆದ ಕಾಗದದಲ್ಲಿ ತಮ್ಮ ಮಾತಿಗೂ ಜಾಗವಿದೆ ಎಂದು ಅಧ್ಯಕ್ಷೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಧೈರ್ಯ ನೋಡಿ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಉತ್ತರ ಬರಲು ವಾರಗಳೇ ಹಿಡಿದವು. ಅಷ್ಟೂ ದಿನ ಕಿರಿಯವಳು ಸಂಜೆ ಹೊರಡುವಾಗ ಜೋಲಿ ಬಿಚ್ಚಿ, ಸೀರೆ ಮಡಚಿ, ಬ್ಯಾಗಿಗೆ ತುರುಕಿಕೊಂಡು ಮನೆಗೆ ಹೋಗುತ್ತಿದ್ದಳು. ಯಾವತ್ತು ಕೋಣೆ ಮುಚ್ಚಿ ಎನ್ನುತ್ತಾರೋ ಗೊತ್ತಿಲ್ಲವಲ್ಲ ಎನ್ನುತ್ತಿದ್ದಳು.

ಕೊನೆಗೆ ಕಾಗದ ಬಂತು. "ಒಪ್ಪಿದಾರೆ," ಎಂದು ಶುರುಮಾಡಿದೆ. "ಪೂರ್ತಿ, ಮಿಸ್," ಎಂದರು ಅಧ್ಯಕ್ಷೆ. ಪೂರ್ತಿ ಓದಿದೆ. ವಿಂಗಡಿಸುವ ಜಾಗದಲ್ಲಿ ಮಕ್ಕಳು ಇರಕೂಡದು. ಅವರಿಗಾಗಿ ಇರುವ ಕೋಣೆಯನ್ನು ಸಂಘ ನಡೆಸಿಕೊಂಡು ಬರಬೇಕು, ಅದಕ್ಕೂ ನೆರವು ಸಿಗುತ್ತದೆ. ಒಳಗೆ ಹೋಗುವ ಎಲ್ಲರೂ ಪಾದರಕ್ಷೆ ಬಿಟ್ಟು ಕೈ ತೊಳೆಯಬೇಕು, ನಮ್ಮ ಸಂಸ್ಥೆಯವರೂ ಸೇರಿ.

"ಎಲ್ಲಾ ಓದಿದ್ರಾ ಮಿಸ್?" ಎಂದಳು ಕಿರಿಯವಳು. "ಏನೂ ಬಿಟ್ಟಿಲ್ಲ ತಾನೆ?"

"ಏನೂ ಬಿಟ್ಟಿಲ್ಲಮ್ಮ," ಎಂದೆ. ಅವಳು ಕೇಳಿದಳೆಂದು ಇನ್ನೊಂದು ಸಲವೂ ಓದಿದೆ.

ಅಂದು ಸಂಜೆ ಅವಳು ಕೂಸನ್ನೆತ್ತಿಕೊಂಡು ಹೊರಟಾಗ ಬ್ಯಾಗು ತೆಳ್ಳಗಿತ್ತು. ಕೋಣೆಯೊಳಗೆ ಇಣುಕಿದರೆ ಜೋಲಿ ಕೊಕ್ಕೆಯಲ್ಲೇ ಇದೆ.

"ಸೀರೆ ಮರ್ತು ಹೋಗ್ತಿದೀಯಲ್ಲೇ!" ಎಂದು ಕೂಗಿದೆ.

ಗೇಟಿನ ಬಳಿ ನಿಂತು ತಿರುಗಿದಳು. "ಮರ್ತಿಲ್ಲ ಮಿಸ್," ಎಂದಳು. "ನಾಳೆ ಬರ್ತೀವಲ್ಲ."