ಫ್ಯಾನಿನ ಸಪ್ಪಳ

ಮೊನ್ನೆ ಮೇಜಿನ ಖಾನೆ ಚೊಕ್ಕ ಮಾಡುವಾಗ ಒಣಗಿ ಕಲ್ಲಾದ ಥರ್ಮಲ್ ಪೇಸ್ಟಿನ ಟ್ಯೂಬ್ ಒಂದು ಸಿಕ್ಕಿತು. ಪ್ರೊಸೆಸರ್ ಅತಿಯಾಗಿ ಕಾಯದಿರಲೆಂದು ಅದರ ಮೇಲೆ ಹಚ್ಚುವ ಬೂದು ಬಣ್ಣದ ಅಂಟು. ಮೇಲಿನ ಮನೆಯ ಕಾಕಾ ಅವರಿಗೆಂದೇ ಕೊಂಡದ್ದು. ಮುಚ್ಚಳ ತೆಗೆಯುವ ಪ್ರಸಂಗವೇ ಬರಲಿಲ್ಲ…

ಕಾಕಾ ಗದಗಿನ ಕಡೆಯವರು, ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು. ನಾವಿರುವ ಕೂಕಟ್‌ಪಲ್ಲಿಯ ತೆಲುಗು ಪ್ರೆಸ್ಸುಗಳಲ್ಲಿ ಕನ್ನಡ ಬಲ್ಲವರು ಸಿಗುತ್ತಿರಲಿಲ್ಲವಾದ್ದರಿಂದ ನಮ್ಮವರ ಲಗ್ನಪತ್ರಿಕೆಗಳನ್ನೆಲ್ಲ ಅವರೇ ಕಂಪ್ಯೂಟರಿನಲ್ಲಿ ಹೊಂದಿಸಿ ಕೊಡುತ್ತಿದ್ದರು. ಕಂಪ್ಯೂಟರ್ ಇದ್ದದ್ದು ಮಲಗುವ ಕೋಣೆಯಲ್ಲಿ. ಅವರ ಕುರ್ಚಿಯ ಹಿಂದೆಯೇ ಅವರ ಹೆಂಡತಿ ಕಾಕುವಿನ ಮಂಚ. ಕಾಕು ಹಾಸಿಗೆ ಹಿಡಿದು ಬಹಳ ದಿನಗಳಾಗಿದ್ದವು. ಮಾತೂ ನಿಂತಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಕಾಕಾ ಫೋನ್ ಮಾಡಿದರು. "ಕಂಪ್ಯೂಟರ್ ಒಮ್ಮಿಂದೊಮ್ಮೆಲೆ ಭಾಳ ಕಾಯಾಕತ್ತೈತಿ ತಂಗಿ. ಕೆಲಸದ ನಡುವ ತಾನ ಬಂದ್ ಆಗತೈತಿ."

ನಾನು ನಾರಾಯಣಗೂಡದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಯಂತ್ರ ಕೆಟ್ಟಾಗ ಕಾರಣ ಸಿಗುವ ತನಕ ನನಗೆ ಊಟ ಸೇರುವುದಿಲ್ಲ. ಧೂಳು ತುಂಬಿರಬೇಕು, ಇಲ್ಲವೇ ಪೇಸ್ಟ್ ಒಣಗಿರಬೇಕು ಎಂದು ಸರಂಜಾಮು ಹೊತ್ತುಕೊಂಡೇ ಹತ್ತಿದೆ. ಸಿಪಿಯು ಬಿಚ್ಚಿದರೆ ಒಳಗೆ ದೇವರ ಮನೆಯಷ್ಟು ಸ್ವಚ್ಛ. ಆದರೆ ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗುತ್ತಿರಲಿಲ್ಲ. ಅದರ ವೈರನ್ನು ಯಾರೋ ಕಿತ್ತು, ಹೂ ಕಟ್ಟುವ ದಾರದಿಂದ ಅಚ್ಚುಕಟ್ಟಾಗಿ ಒಂದು ಮೂಲೆಗೆ ಕಟ್ಟಿದ್ದರು.

ನನಗೆ ಸಿಟ್ಟು ಬಂತು. "ಇದನ್ನ ಯಾರು ಕಿತ್ತಾರ್ರಿ ಕಾಕಾ? ಪ್ರೊಸೆಸರ್ ಸುಟ್ಟ ಹೋಗತಿತ್ತಲ್ಲರಿ."

ಕಾಕಾ ಮಂಚದ ಕಡೆ ನೋಡಿ ದನಿ ಇಳಿಸಿದರು. "ನಾನ ತಗದೀನವಾ. ಅದರ ಸಪ್ಪಳದಾಗ ಆಕಿ ಉಸಿರಾಡೋದು ಕೇಳತಿರಲಿಲ್ಲ."

ಮರುದಿನ ಉದ್ದನೆಯ ವೈರುಗಳನ್ನು ತಂದು, ಫ್ಯಾನ್ ಜೋಡಿಸಿ, ಸಿಪಿಯುವನ್ನು ಗೋಡೆಯಾಚೆ ಪಡಸಾಲೆಯಲ್ಲಿಟ್ಟೆ. ಕೋಣೆಯಲ್ಲಿ ಮಾನಿಟರ್, ಕೀಬೋರ್ಡ್ ಅಷ್ಟೇ ಉಳಿದವು. ಕಾಕಾ ಒಂದು ಗಳಿಗೆ ಕಣ್ಣು ಮುಚ್ಚಿ ಆಲಿಸಿ, ಆಮೇಲೆ ಟೈಪ್ ಮಾಡಲು ಕೂತರು. ಆ ಮಳೆಗಾಲವೆಲ್ಲ ಹಾಗೆಯೇ ಕೆಲಸ ನಡೆಯಿತು…

ದೀಪಾವಳಿಗೆ ಮುಂಚೆ ಕಾಕು ಹೋದರು. ಕರ್ಮಗಳೆಲ್ಲ ಮುಗಿದು, ಬಂದ ನೆಂಟರು ಹೊರಟ ಮೇಲೆ ಕಾಕಾ ಮತ್ತೆ ಕರೆದರು. ಯಾವ ಪತ್ರಿಕೆಯ ಕೆಲಸವೂ ಇರಲಿಲ್ಲ.

"ಸಿಪಿಯು ಒಳಗ ತಂದ ಇಡವಾ," ಅಂದರು. "ಚಾಲೂ ಮಾಡಿ ಹೋಗು. ಬಂದ್ ಮಾಡಬ್ಯಾಡ."

ಫ್ಯಾನ್ ತಿರುಗತೊಡಗಿತು. ಕಾಕಾ ಅದಕ್ಕೆ ಬೆನ್ನು ಮಾಡಿ ಖಾಲಿ ಮಂಚದ ಮೇಲೆ ಮಲಗಿದರು. ನಾನು ಬಾಗಿಲು ಎಳೆದುಕೊಂಡು ಕೆಳಗಿಳಿದೆ.

ಈಗ ಕಾಕಾ ಕೂಡ ಇಲ್ಲ. ಮೇಲಿನ ಮನೆಯಲ್ಲಿ ಬೇರೆಯವರಿದ್ದಾರೆ. ಯಾರೆಂದು ನಾನು ಕೇಳಿಲ್ಲ. ಕಾಕಾ ಹೋದಾಗ ನನಗೆ ಅಳು ಬರಲಿಲ್ಲ, ಇಂದಿಗೂ ಬಂದಿಲ್ಲ. ಸಂಜೆ ಲ್ಯಾಬಿನ ಯಂತ್ರಗಳನ್ನೆಲ್ಲ ಒಂದೊಂದಾಗಿ ಬಂದ್ ಮಾಡುವುದು ನನ್ನ ಕೆಲಸ. ಇತ್ತೀಚೆಗೆ ಕೊನೆಯದೊಂದರ ಮುಂದೆ ಸುಮ್ಮನೆ ಕೂತುಬಿಡುತ್ತೇನೆ. ಅದನ್ನು ಬಂದ್ ಮಾಡಲು ಕೈ ಬರುವುದಿಲ್ಲ.